ಕಡಿದ ಗಾಯವನ್ನು ರಕ್ತ ನೋಡಿ ಅಳೆಯಬೇಡಿರಿ

ಹೊಲಮನೆಯ ಬಾಳುವೆಯಲ್ಲಿ ಗಾಯವೆಂಬುದು ದಿನದ ಮಾತು. ಕುಡಗೋಲು ತಾಗುತ್ತದೆ, ಕುಂಟೆ ಕಾಲಿಗೆ ಬಡಿಯುತ್ತದೆ, ಜಾಲಿಯ ಮುಳ್ಳು ಹಿಮ್ಮಡಿಯಲ್ಲಿ ಮುರಿಯುತ್ತದೆ. ಇವಕ್ಕೆಲ್ಲ ನಾವು ಅಂಜುವವರಲ್ಲ. ಅರಿಷಿಣ ಒತ್ತಿ, ಅರಿವೆ ಸುತ್ತಿ, ಮತ್ತೆ ಕೆಲಸಕ್ಕೆ ಬಾಗುತ್ತೇವೆ. ಬಹಳ ರಕ್ತ ಹೋದರೆ ದೊಡ್ಡ ಗಾಯ, ಹೋಗದಿದ್ದರೆ ಸಣ್ಣ ಗಾಯ ಎಂಬ ಅಳತೆ ನಮಗೆ ರೂಢಿಯಾದುದು ಹೀಗೆ. ಕಬ್ಬಿಣದ ಗಾಯಕ್ಕೆ ಈ ಅಳತೆ ನಡೆದೀತು. ಹಲ್ಲಿನ ಗಾಯಕ್ಕೆ ಅದು ನಡೆಯಲಾರದು. ಹಲ್ಲು ಚರ್ಮವನ್ನು ಎಷ್ಟು ಸೀಳಿತೆಂಬುದಕ್ಕಿಂತ, ಆ ಹಲ್ಲಿನ ಜೊತೆಗೆ ಒಳಗೆ ಏನು ಹೋಯಿತೆಂಬುದೇ ಅಲ್ಲಿ ಮುಖ್ಯ. ಈ ಒಂದು ಮಾತನ್ನು ನಮ್ಮ ಒಕ್ಕಲುಮಕ್ಕಳು ಮನಗಾಣಬೇಕೆಂದೇ ಈ ವಾರ ಬಿತ್ತನೆ, ಗೊಬ್ಬರಗಳ ಮಾತನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. 2017ರ ಮಾಘಮಾಸ. ಜೋಳ ಕೀಳುವ ದಿನಗಳು. ನಮ್ಮ ಹೊಲದ ವಸ್ತಿಯಲ್ಲಿ ಕಟ್ಟಿದ್ದ ಮಣಕಕ್ಕೆ ಹಾದಿಹೋಕ ನಾಯಿಯೊಂದು ಮೂತಿಗೆ ಕಡಿದು ಓಡಿಹೋಯಿತು. ತುಟಿಯ ಮೇಲೆ ಎರಡು ಸಣ್ಣ ತೂತು; ರಕ್ತ ನಾಲ್ಕು ಹನಿಯೂ ಇರಲಿಕ್ಕಿಲ್ಲ. ಆಳುಮಗ ಎಣ್ಣೆ ಅರಿಷಿಣ ಹಚ್ಚಿದ. ಎರಡು ದಿನದಲ್ಲಿ ಗಾಯ ಮಾಯ್ದು ಹೋಯಿತು, ನಾವೂ ಮರೆತೆವು. ಯುಗಾದಿಯ ಹೊತ್ತಿಗೆ ಮಣಕ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ಕೂಗಿದರೆ ಅದರ ದನಿ ಅದರದಲ್ಲವೆಂಬಷ್ಟು ಒಡಕಾಗಿತ್ತು. ಕಣಕಿಯ ದಂಟೋ ಮತ್ತೇನೋ ಗಂಟಲಲ್ಲಿ ಸಿಕ್ಕಿರಬೇಕೆಂದು ನಾವೇ ಅದರ ನಾಲಗೆ ಹಿಡಿದೆಳೆದು, ಮೊಳಕೈಯವರೆಗೆ ಬಾಯಲ್ಲಿ ಕೈ ಹಾಕಿ ತಡಕಿದೆವು. ಏನೂ ಸಿಗಲಿಲ್ಲ. ಮರುದಿನ ಬಂದ ಪಶುವೈದ್ಯರು ದೂರದಲ್ಲಿಯೇ ನಿಂತು ಒಂದು ಗಳಿಗೆ ನೋಡಿದರು. ಅವರು ಕೇಳಿದ ಮೊದಲನೆಯ ಪ್ರಶ್ನೆ ಮಣಕದ್ದಲ್ಲ. “ಇದರ ಬಾಯಲ್ಲಿ ಯಾರು ಯಾರು ಕೈ ಹಾಕಿದಿರಿ?” ಎಂದು ಕೇಳಿದರು.

ನಾಲ್ಕನೆಯ ದಿನ ಮಣಕ ಸತ್ತಿತು. ಅದನ್ನು ಆಳವಾಗಿ ಹೂಳಿ, ಸುಣ್ಣ ಸುರಿದೆವು. ಮನೆಯ ಐವರು, ಆಳುಮಗ ಮತ್ತು ಅವನ ಹೆಂಡತಿ, ಹೀಗೆ ಏಳು ಜನ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡೆವು. ಆಳುಮಗನ ಅಂಗೈ ಜೋಳ ಕಿತ್ತು ಸೀಳಿದ್ದರಿಂದ ಅವನಿಗೆ ಬೇರೆಯಾಗಿ ಸೀರಮ್ಮನ್ನೂ ಕೊಟ್ಟರು. ಎಲ್ಲರೂ ಬದುಕಿದೆವು. ಆದರೆ ಆ ವೈದ್ಯರು ಆ ಪ್ರಶ್ನೆಯನ್ನು ಕೇಳದೆ ಹೋಗಿದ್ದರೆ? ಈ ವಿಚಾರ ಬಂದಾಗಲೆಲ್ಲ ಇಂದಿಗೂ ನಮ್ಮ ಮೈ ಜುಮ್ಮೆನ್ನುತ್ತದೆ. ಎರಡು ತೂತಿನ, ನಾಲ್ಕು ಹನಿ ರಕ್ತದ ಆ ಗಾಯ ಏಳು ಜನರ ಮನೆಯ ದೀಪವನ್ನು ಆರಿಸಬಹುದಾಗಿತ್ತು.

ರೋಗದ ನಡಿಗೆ

ಹುಚ್ಚುನಾಯಿ ರೋಗವನ್ನು ವೈದ್ಯರು ರೇಬೀಸ್ ಎನ್ನುತ್ತಾರೆ. ಅದರ ವಿಷಾಣು ರೋಗಿಷ್ಠ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಡಿದಾಗ ಅದು ಮಾಂಸದೊಳಗೆ ಇಳಿದು, ಅಲ್ಲಿಂದ ನರದ ದಾರಿ ಹಿಡಿದು ಮೆದುಳಿನತ್ತ ನಡೆಯುತ್ತದೆ. ಅದರ ನಡಿಗೆ ನಿಧಾನ. ಮನುಷ್ಯನಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಮುಖ, ಕುತ್ತಿಗೆ, ಕೈಬೆರಳುಗಳಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲಿ ಕಡಿದರೆ ಗಂಡಾಂತರ ಹೆಚ್ಚು. ವಿಷಾಣು ಮೆದುಳನ್ನು ಮುಟ್ಟಿ ರೋಗದ ಲಕ್ಷಣ ಹೊರಗೆ ಕಂಡಿತೆಂದರೆ ಮುಂದೆ ಔಷಧವಿಲ್ಲ. ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ಬೀಸಿದರೆ ಬೆಚ್ಚುವುದು ಕಾಣಿಸಿಕೊಂಡ ಮೇಲೆ ಉಳಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯ ಜನ. ಆದರೆ ಲಕ್ಷಣ ತೋರುವ ಮುನ್ನ, ವಿಷಾಣು ಇನ್ನೂ ದಾರಿಯಲ್ಲಿರುವಾಗ, ತಡೆಯುವ ಉಪಾಯ ನಮ್ಮ ಕೈಯಲ್ಲಿ ಸಂಪೂರ್ಣವಾಗಿದೆ. ಇಷ್ಟು ಖಂಡಿತವಾಗಿ ಕೊಲ್ಲುವ ರೋಗವಿಲ್ಲ. ಇಷ್ಟು ಖಂಡಿತವಾಗಿ ತಡೆಯಬಹುದಾದ ರೋಗವೂ ಅಪರೂಪ. ಹಾಗಿದ್ದೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ 99 ಜನರಿಗೆ ರೋಗ ಬರುವುದು ನಾಯಿಯಿಂದ. ಕಡಿಸಿಕೊಂಡವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು.

ಹುಚ್ಚುನಾಯಿಯೆಂದರೆ ನಾಲಗೆ ಇಳಿಬಿಟ್ಟು ಕಂಡಕಂಡವರ ಮೇಲೆ ಬೀಳುವ ನಾಯಿಯೆಂದೇ ನಾವು ತಿಳಿದಿದ್ದೇವೆ. ಹುಚ್ಚಿನಲ್ಲಿ ಇನ್ನೊಂದು ಬಗೆಯುಂಟು. ನಾಯಿ ಮೂಕಾಗಿ, ದವಡೆ ಜೋತುಬಿದ್ದು, ಬಣವಿಯ ಮರೆಯಲ್ಲಿಯೋ ಬಂಡಿಯ ಕೆಳಗೋ ಕತ್ತಲು ಹುಡುಕಿ ಮಲಗುತ್ತದೆ. ಪಾಪ, ಏನೋ ನೋವಾಗಿದೆಯೆಂದು ಮಕ್ಕಳು ರೊಟ್ಟಿ ಕೊಡಹೋಗಿ ಕಡಿಸಿಕೊಳ್ಳುತ್ತಾರೆ. ಮನೆಯ ನಾಯಿಮರಿಯಿಂದಲೂ ಈ ರೋಗ ಬರಬಹುದು. ಬೆಕ್ಕು, ನರಿ, ತೋಳ, ಮುಂಗುಸಿ, ಮಂಗಗಳ ಕಡಿತವನ್ನೂ ಹೀಗೆಯೇ ಎಣಿಸಬೇಕು.

ಮೊದಲನೆಯ ಕಾಲು ಗಂಟೆ

ಕಡಿತವನ್ನು ವೈದ್ಯರು ಮೂರು ದರ್ಜೆಯಾಗಿ ಎಣಿಸುತ್ತಾರೆ. ಒಡೆಯದ ಚರ್ಮವನ್ನು ನೆಕ್ಕಿದ್ದು ಮೊದಲನೆಯದು; ಅದನ್ನು ತೊಳೆದುಕೊಂಡರೆ ಸಾಕು. ರಕ್ತ ಬಾರದಂತೆ ಹಲ್ಲು ತಾಗಿದ್ದು, ಉಗುರು ತರಚಿದ್ದು ಎರಡನೆಯದು. ಅದಕ್ಕೆ ಲಸಿಕೆಯ ಸೂಜಿ ಬೇಕು. ಹಲ್ಲು ಚರ್ಮ ತೂರಿದ್ದು, ರಕ್ತ ಬಂದದ್ದು, ಮೊದಲೇ ಇದ್ದ ಹುಣ್ಣಿಗೆ ಇಲ್ಲವೆ ಕಣ್ಣು-ಬಾಯಿಗೆ ಜೊಲ್ಲು ತಗಲಿದ್ದು ಮೂರನೆಯದು. ಅದಕ್ಕೆ ಲಸಿಕೆಯ ಜೊತೆಗೆ ಸೀರಮ್ಮೂ ಬೇಕು. ಒಂದೇ ಹನಿ ರಕ್ತ ಬಂದರೂ ಅದು ಮೂರನೆಯ ದರ್ಜೆಯೇ ಎಂಬುದನ್ನು ಓದುಗರು ಗಮನಿಸಬೇಕು.

ದವಾಖಾನೆ ಎಷ್ಟೇ ದೂರವಿರಲಿ, ಮೊದಲನೆಯ ಚಿಕಿತ್ಸೆ ನಮ್ಮ ಮನೆಯಲ್ಲಿಯೇ ಇದೆ. ಅದು ನೀರು ಮತ್ತು ಸಾಬೂನು. ಬೋರಿನ ಕೊಳವೆಯ ಕೆಳಗಾಗಲಿ, ನಳದ ಕೆಳಗಾಗಲಿ, ಯಾರಾದರೂ ತಂಬಿಗೆಯಿಂದ ಸುರಿಯುತ್ತಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಬಿಡದೆ ತೊಳೆಯಬೇಕು. ಈ ವಿಷಾಣುವಿನ ಮೈಮೇಲೆ ಕೊಬ್ಬಿನ ತೆಳು ಹೊದಿಕೆಯುಂಟು. ಸಾಬೂನು ಜಿಡ್ಡನ್ನು ಕರಗಿಸುವಂತೆ ಆ ಹೊದಿಕೆಯನ್ನೂ ಒಡೆದು ವಿಷಾಣುವನ್ನು ಕೆಡಿಸುತ್ತದೆ. ಬಟ್ಟೆಯ ಸಾಬೂನಾದರೂ ಚಿಂತೆಯಿಲ್ಲ. ಹದಿನೈದು ನಿಮಿಷವೆಂದರೆ ಸಣ್ಣ ಹೊತ್ತಲ್ಲ. ಮಗು ಅಳುತ್ತದೆ, ಹೆತ್ತವರ ಕೈ ಸಡಿಲುತ್ತದೆ. ಆದರೂ ಗಡಿಯಾರ ನೋಡಿಯೇ ತೊಳೆಯಿರಿ. ನಂತರ ಮನೆಯಲ್ಲಿ ಅಯೋಡಿನ್ ಔಷಧಿಯಿದ್ದರೆ ಹಚ್ಚಿರಿ. ಗಾಯವನ್ನು ಬಿಗಿದು ಕಟ್ಟಬೇಡಿರಿ, ಹೊಲಿಯಿರೆಂದು ವೈದ್ಯರನ್ನು ಒತ್ತಾಯಿಸಬೇಡಿರಿ. ಹಲ್ಲಿನ ಗಾಯವನ್ನು ಅವಸರದಿಂದ ಹೊಲಿದರೆ ಹೊಲಸನ್ನು ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ.

ಮೆಣಸಿನಪುಡಿ ತುಂಬುವುದು, ಸುಣ್ಣ ಹಚ್ಚುವುದು, ತಂಬಾಕು ಅರೆದಿಡುವುದು, ಕಾಸಿದ ಕಬ್ಬಿಣದಿಂದ ಬರೆ ಹಾಕುವುದು, ಇವೆಲ್ಲ ನಮ್ಮ ಕಡೆ ಇಂದಿಗೂ ನಿಂತಿಲ್ಲ. ಉರಿಯುವ ಔಷಧವೇ ಬಲವಾದ ಔಷಧವೆಂಬ ನಂಬಿಗೆ ಇದಕ್ಕೆ ಮೂಲ. ಆದರೆ ಉರಿ ತಗಲುವುದು ಮನುಷ್ಯನಿಗೆ, ವಿಷಾಣುವಿಗಲ್ಲ. ಇಂಥ ಪುಡಿಗಳು ಮಾಂಸವನ್ನು ಇನ್ನಷ್ಟು ಕೆದರಿ ವಿಷಾಣುವಿಗೆ ಒಳದಾರಿ ಮಾಡಿಕೊಡುತ್ತವೆ, ನೀರು ಮುಟ್ಟಬೇಕಾದ ಹೊತ್ತನ್ನೂ ಕಳೆಯುತ್ತವೆ. ನಾಟಿ ಔಷಧಿ ಕುಡಿಸುವವರ ಮಾತೂ ಹಾಗೆಯೇ. ಅವರು ಹತ್ತು ಜನರಿಗೆ ಕೊಟ್ಟು ಹತ್ತೂ ಜನ ಉಳಿದರೆಂದು ಹೇಳುತ್ತಾರೆ. ಕಡಿದ ಹತ್ತು ನಾಯಿಗಳಲ್ಲಿ ಎಷ್ಟಕ್ಕೆ ಹುಚ್ಚಿತ್ತೆಂದು ಅವರು ಕೇಳುವುದಿಲ್ಲ. ದೇವರ ಹರಕೆಗೆ ನಾವು ಅಡ್ಡ ಬರುವವರಲ್ಲ. ಗುಡಿಗೆ ಹೋಗಿರಿ, ದರ್ಗಾಕ್ಕೆ ಹೋಗಿರಿ. ಮೊದಲ ಸೂಜಿ ಮಾಡಿಸಿಕೊಂಡು ಹೋಗಿರಿ ಎಂದಷ್ಟೇ ನಮ್ಮ ಬಿನ್ನಹ. ದೇವರು ಒಂದು ದಿನ ತಡೆದಾನು, ರೋಗ ತಡೆಯದು.

ಸೂಜಿಯ ಅಂಜಿಕೆ

ಹಿರಿಯರ ಅಂಜಿಕೆಗೆ ಒಂದು ಕಾರಣವುಂಟು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲವನ್ನು ಅವರು ಕಂಡವರು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರು ಜೋಸೆಫ್ ಮೀಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಡಿಸಿದರು, ಹುಡುಗ ಉಳಿದ. ನಮ್ಮ ದೇಶದಲ್ಲಿ ಕಸೌಲಿಯಲ್ಲಿ 1900ರಲ್ಲಿ, ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದವು. ಕಸೌಲಿಯ ಡೇವಿಡ್ ಸೆಂಪಲ್ ಅವರು 1911ರಲ್ಲಿ ಕುರಿಯ ಮೆದುಳಿನಿಂದ ಲಸಿಕೆ ಮಾಡುವ ಬಗೆಯನ್ನು ಕಂಡುಹಿಡಿದರು. ಹೊಟ್ಟೆಗೆ ಚುಚ್ಚುತ್ತಿದ್ದುದು ಅದೇ. ಲಕ್ಷಾಂತರ ಜೀವ ಉಳಿಸಿತಾದರೂ ಅದು ಕೆಲವರಿಗೆ ನರಗಳ ಬೇನೆಯನ್ನೂ ತರುತ್ತಿತ್ತು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದನ್ನು ನಿಲ್ಲಿಸಲಾಯಿತು.

ಈಗಿನ ಲಸಿಕೆ ತೋಳಿಗೆ, ಸಣ್ಣ ಮಕ್ಕಳಾದರೆ ತೊಡೆಗೆ. ಚರ್ಮದಲ್ಲಿ ಕೊಡುವ ಕ್ರಮದಲ್ಲಿ ಮೊದಲನೆಯ ದಿನ, ಅಲ್ಲಿಂದ 3ನೆಯ, 7ನೆಯ ಮತ್ತು 28ನೆಯ ದಿನ. ಮಾಂಸದಲ್ಲಿ ಕೊಡುವ ಕ್ರಮದಲ್ಲಿ ಇವುಗಳ ಜೊತೆಗೆ 14ನೆಯ ದಿನವೂ ಸೇರುತ್ತದೆ. ಬಸುರಿಯರಿಗೂ ಹಸುಮಕ್ಕಳಿಗೂ ಇದು ನಡೆಯುತ್ತದೆ. ಪಥ್ಯವೇನೂ ಇಲ್ಲ.

ಸೀರಮ್ ಯಾಕೆಂದು ಕೆಲವರು ಕೇಳುತ್ತಾರೆ. ಲಸಿಕೆಯೆಂದರೆ ಬಿತ್ತನೆ. ಅದರಿಂದ ಮೈಯಲ್ಲಿ ರಕ್ಷಣೆಯ ಬೆಳೆ ಬರಲು ಒಂದೆರಡು ವಾರ ಬೇಕು. ಬೆಳೆ ಕೈಗೆ ಬರುವತನಕ ಹಗೇವಿನ ಕಾಳು ತೆಗೆದು ಉಣ್ಣುವುದಿಲ್ಲವೆ? ಸೀರಮ್ಮು ಆ ಹಗೇವಿನ ಕಾಳು. ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಿ ತುಂಬುತ್ತಾರೆ. ನೋವಾಗುತ್ತದೆ, ಆದರೂ ಬೇಡವೆನ್ನಬಾರದು. ಮೊದಲ ದಿನವೇ ಕೊಡಿಸುವುದು ಉತ್ತಮ. ಮೊದಲ ಸೂಜಿಯಿಂದ ಏಳು ದಿನ ಕಳೆದ ಮೇಲೆ ಅದನ್ನು ಕೊಡುವುದಿಲ್ಲ. ದವಾಖಾನೆಯವರು ಬರಿಯ ಲಸಿಕೆ ಕೊಟ್ಟು ಕಳಿಸುವಂತಿದ್ದರೆ, “ರಕ್ತ ಬಂದಿದೆ, ಸೀರಮ್ ಬೇಕೋ ಬೇಡವೋ?” ಎಂದು ಬಾಯಿಬಿಟ್ಟು ಕೇಳಿರಿ. ಕೇಳುವುದು ಉದ್ಧಟತನವಲ್ಲ. ಧನುರ್ವಾಯುವಿನ ಸೂಜಿಯ ಮಾತನ್ನೂ ಆಗಲೇ ಕೇಳಿಕೊಳ್ಳಿರಿ.

ಕಡಿದ ನಾಯಿ ಗೊತ್ತಿನದಾದರೆ ಅದನ್ನು ಕೊಲ್ಲದೆ 10 ದಿನ ಕಟ್ಟಿ ನೋಡಬೇಕು. ಹತ್ತು ದಿನ ಗಟ್ಟಿಯಾಗಿ ಉಂಡು ತಿರುಗಿಕೊಂಡಿದ್ದರೆ, ಕಡಿದ ದಿನ ಅದರ ಜೊಲ್ಲಿನಲ್ಲಿ ವಿಷಾಣು ಇರಲಿಲ್ಲವೆಂದು ತಿಳಿಯಲಡ್ಡಿಯಿಲ್ಲ. ಉಳಿದ ಸೂಜಿಗಳ ವಿಚಾರವನ್ನು ಆಗ ವೈದ್ಯರು ಹೇಳುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಸೂಜಿ ಎಂಬುದು ತಪ್ಪು. ಸೂಜಿ ಇಂದೇ ಆರಂಭವಾಗಬೇಕು. ನೋಡುವುದು ಅದರ ಜೊತೆಗೆ ನಡೆಯಬೇಕು. ತೋಳ ನರಿಗಳಿಗೆ ಈ ಹತ್ತು ದಿನದ ಲೆಕ್ಕವೇ ಇಲ್ಲ.

ದನಕರುಗಳ, ಕುರಿಗಳ ಗಾಯ

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಸೀಮೆ ಕುರಿಗಳ ಸೀಮೆ. ಇಲ್ಲಿಯ ಹುಲ್ಲುಗಾವಲಿನಲ್ಲಿ ತೋಳ ಇಂದಿಗೂ ಉಂಟು. ಬೀದಿನಾಯಿಗಳ ಹಿಂಡಂತೂ ತೋಳಕ್ಕಿಂತ ಹೆಚ್ಚು. ಕುರಿಯ ಗಾಯವನ್ನು ಉಣ್ಣೆ ಮುಚ್ಚುತ್ತದೆ. ಹಟ್ಟಿಗೆ ನಾಯಿ ಬಿದ್ದ ಬೆಳಗು, ಸತ್ತವನ್ನು ಎಣಿಸಿ ಮುಗಿಸಬಾರದು. ಉಳಿದ ಒಂದೊಂದು ಕುರಿಯನ್ನೂ ಹಿಡಿದು, ಉಣ್ಣೆ ಬಿಡಿಸಿ, ಬೆರಳಾಡಿಸಿ ನೋಡಬೇಕು. ನಾಯಿಗಳು ಸಾಮಾನ್ಯವಾಗಿ ಹಿಂದೊಡೆ, ಪಕ್ಕೆ, ಕಿವಿಗಳಿಗೆ ಬಾಯಿ ಹಾಕಿ ಹರಿಯುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು ಹತ್ತಾರನ್ನು ಕೆಡಿಸುತ್ತವೆ. ತೋಳ ಗಂಟಲಿಗೆ ಹಿಡಿದು ಒಂದನ್ನು ಹೊತ್ತೊಯ್ಯುವುದೇ ಹೆಚ್ಚು. ತೋಳನ ಕೆಲಸವೆಂದು ಕಂಡರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಿರಿ. ಪಂಚನಾಮೆ ಆಗುವತನಕ ಸತ್ತ ಕುರಿಯನ್ನು ಸರಿಸಬೇಡಿರಿ. ತೋಳ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ. ಅದಕ್ಕೆ ವಿಷ ಹಾಕುವುದು ಅಪರಾಧ.

ಹೊರಗೆ ಕಾಣುವುದು ಎರಡು ತೂತಾದರೂ ಒಳಗೆ ದವಡೆ ಅಮುಕಿದ ಮಾಂಸ ನುಗ್ಗಾಗಿರುತ್ತದೆ. ಮೂರನೆಯ ದಿನಕ್ಕೆ ಅದು ಕೀವಾಗುತ್ತದೆ. ಆದುದರಿಂದ ಮೊದಲು ಗಾಯದ ಸುತ್ತ ಉಣ್ಣೆ ಕತ್ತರಿಸಿರಿ. ಕೈಗೆ ರಬ್ಬರಿನ ಚೀಲವಾಗಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾಗಲಿ ತೊಟ್ಟುಕೊಳ್ಳಿರಿ. ಕಡಿದ ಪ್ರಾಣಿಯ ಜೊಲ್ಲು ಉಣ್ಣೆಯ ಮೇಲೆ ಇನ್ನೂ ಹಸಿಯಾಗಿರುತ್ತದೆ. ನಂತರ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಅಯೋಡಿನ್ ಹಚ್ಚಿರಿ. ತೂತು ಮೇಲೆ ಬೇಗ ಮುಚ್ಚದಂತೆ ನೋಡಿಕೊಳ್ಳಿರಿ. ಅದು ಒಳಗಿನಿಂದ ಮಾಯುತ್ತ ಬರಬೇಕು. ಗಾಯದ ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಕೂಡುವುದು ಕಡಮೆಯಾಗುತ್ತದೆ. ಹುಳು ಬಿದ್ದುದಾದರೆ ಟರ್ಪೆಂಟೈನ್ ಎಣ್ಣೆಯ ಅರಿವೆಯಿಟ್ಟು, ಹೊರಬಂದ ಹುಳುಗಳನ್ನು ಚಿಮಟದಿಂದ ತೆಗೆಯಬೇಕು; ಒಂದೂ ಉಳಿಯಕೂಡದು. ಗಾಯ ಕಪ್ಪಾಗಿ ನಾರಿದರೆ, ಒತ್ತಿದಾಗ ಚರ್ಮದ ಕೆಳಗೆ ಚರಚರ ಸದ್ದಾದರೆ, ಕುರಿ ಮೇವು ಬಿಟ್ಟರೆ ಮನೆಮದ್ದಿನ ಹೊತ್ತು ಮುಗಿಯಿತೆಂದು ತಿಳಿದು ಪಶುವೈದ್ಯರನ್ನು ಕರೆಸಿರಿ. ದನಗಳ ವೈದ್ಯಕ್ಕೆ 1962 ಎಂಬ ದೂರವಾಣಿ ಸಂಖ್ಯೆ ಗಡಿಯ ಎರಡೂ ಕಡೆಗೆ ನಡೆಯುತ್ತದೆ.

ದನಕರುಗಳಿಗೂ ಹುಚ್ಚಿನ ಸೂಜಿಯುಂಟು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ನಮಗೂ 2017ರವರೆಗೆ ತಿಳಿದಿರಲಿಲ್ಲ. ಕಡಿದ ದಿನದಿಂದಲೇ ಆರಂಭಿಸಿ ಪಶುವೈದ್ಯರು ಹೇಳಿದ ದಿನಗಳಂದು ಸಾಲಾಗಿ ಹಾಕಿಸಬೇಕು. ಸಾಮಾನ್ಯವಾಗಿ ಐದು ಸಲ. ಒಂದು ಎಮ್ಮೆಯ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕಿಲ್ಲ. ಕಡಿತದ ತಾರೀಖನ್ನು ಗೋಡೆಯ ಮೇಲೆ ಇದ್ದಲಿನಿಂದಾದರೂ ಬರೆದಿಟ್ಟು, ಮೂರು ತಿಂಗಳಾದರೂ ಆ ದನದ ಮೇಲೆ ಕಣ್ಣಿಡಿರಿ. ಜೊಲ್ಲು, ಒಡಕು ದನಿ, ಮತ್ತೆ ಮತ್ತೆ ತಿಣುಕುವುದು, ಹಿಂಗಾಲು ತೂಗಾಡುವುದು, ಕಾರಣವಿಲ್ಲದೆ ಹಾಯಬರುವುದು, ಇವುಗಳಲ್ಲಿ ಯಾವುದು ಕಂಡರೂ ಬಾಯಲ್ಲಿ ಕೈ ಹಾಕಬೇಡಿರಿ. ಗಂಟಲಲ್ಲಿ ಏನೋ ಸಿಕ್ಕಂತೆ ತೋರುವುದೇ ಈ ರೋಗದ ಮೋಸ. ಅಂಥ ದನದ ಹಾಲು ಕರೆಯಬೇಡಿರಿ, ಕುಡಿಯಬೇಡಿರಿ. ರೋಗ ತಿಳಿಯುವ ಮೊದಲು ಕಾಸಿದ ಹಾಲು ಕುಡಿದವರಿಗೆ ಭಯವಿಲ್ಲ. ಹಸಿ ಹಾಲು ಕುಡಿದವರು ವೈದ್ಯರನ್ನು ಕೇಳಬೇಕು.

ಹಾವಿನ ಹಲ್ಲು

ರಕ್ತದ ಅಳತೆ ಮೋಸ ಮಾಡುವ ಇನ್ನೊಂದು ಗಾಯ ಹಾವಿನದು. ನಮ್ಮ ಸೀಮೆಯಲ್ಲಿ ಹೆದರಬೇಕಾದ ಹಾವು ನಾಲ್ಕು: ನಾಗರಹಾವು, ಮರಾಠಿಯವರು ಮಣ್ಯಾರ ಎನ್ನುವ ಕಟ್ಟುಹಾವು, ಘೋಣಸ ಎನ್ನುವ ಕೊಳಕುಮಂಡಲ, ಫುರಸೆ ಎನ್ನುವ ಗರಗಸಮಂಡಲ. ದವಾಖಾನೆಯಲ್ಲಿ ಕೇಳುವವರು ಮರಾಠಿಯ ಹೆಸರು ಹೇಳುತ್ತಾರೆ, ನಮ್ಮವರು ಕನ್ನಡದ ಹೆಸರು ಹೇಳುತ್ತಾರೆ, ನಡುವೆ ಗೊಂದಲವಾಗುತ್ತದೆ. ಎರಡೂ ಹೆಸರು ಬಲ್ಲವರಾಗಿರುವುದು ಒಳ್ಳೆಯದು.

ಮಂಡಲಗಳು ಕಡಿದರೆ ಉರಿ, ಬಾವು ಬೇಗ ಕಾಣುತ್ತವೆ. ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಂಡು ವಸಡಿನಿಂದ, ಹಳೆಯ ಗಾಯಗಳಿಂದ ಸೋರತೊಡಗುತ್ತದೆ. ಕೊಳಕುಮಂಡಲದ ವಿಷ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ನಾಗರ ಕಡಿದರೆ ನೋವು ಬಾವುಗಳ ಜೊತೆಗೆ ರೆಪ್ಪೆ ಇಳಿಬೀಳುತ್ತವೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ಎಲ್ಲಕ್ಕಿಂತ ಮೋಸಗಾರ ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಬಾವಿಲ್ಲ, ನೋವಿಲ್ಲ, ಎಷ್ಟೋ ಸಲ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ. ಮನೆಯವರು ಓಮಿನಕಾಳು ಕೊಡುತ್ತಾರೆ. ಅಷ್ಟರಲ್ಲಿ ರೆಪ್ಪೆ ಎತ್ತಲಾಗದಂತಾಗುತ್ತದೆ. ಹೊಲ ಕಾಯಲು ನೆಲದ ಮೇಲೆ ಮಲಗಿದವರು ನಸುಕಿನಲ್ಲಿ ಹೊಟ್ಟೆನೋವೆಂದರೆ, ಗಂಟಲು ಕಟ್ಟಿದೆಯೆಂದರೆ, ಮೊದಲು ಹಾವಿನ ಶಂಕೆಯನ್ನೇ ಮಾಡಿರಿ. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರೆ ಈ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ.

ಉಪಚಾರ ಸುಲಭ, ಆದರೆ ನಾವು ರೂಢಿಯಿಂದ ಮಾಡುವುದಕ್ಕೆ ತದ್ವಿರುದ್ಧ. ಕುಯ್ಯಬೇಡಿರಿ, ಹೀರಬೇಡಿರಿ, ಹಗ್ಗದಿಂದ ಬಿಗಿಯಬೇಡಿರಿ. ಕಡಿಸಿಕೊಂಡವರನ್ನು ನಡೆಸಬೇಡಿರಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಎಲುಬು ಮುರಿದಾಗ ಕಟ್ಟುವಂತೆ ದಬ್ಬೆಯಿಟ್ಟು ಕೈಕಾಲನ್ನು ಅಲುಗದಂತೆ ಮಾಡಿ, 108ಕ್ಕೆ ಕರೆ ಕೊಟ್ಟು, ವಾಹನ ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ದವಾಖಾನೆಗೆ ಒಯ್ಯಿರಿ. ಕಡಿದ ಹೊತ್ತು ನೆನಪಿರಲಿ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ನಮ್ಮಲ್ಲಿಯ ವಿಷಮದ್ದು ಈ ನಾಲ್ಕೂ ಹಾವುಗಳಿಗೆ ಒಂದೇ. ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ನೋಡಿ ಮಂಡಲದ ವಿಷವನ್ನು ವೈದ್ಯರು ತಿಳಿಯಬಲ್ಲರು. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನದ ಲೆಕ್ಕ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು.

ನಮ್ಮ ಅಭಿಪ್ರಾಯ

ಇಷ್ಟನ್ನೂ ಮನೆಯಲ್ಲಿ ಮಾಡಿದ ಮೇಲೆ ಊರಿನ ಕೆಲಸವೂ ಉಳಿಯುತ್ತದೆ. ನಾಯಿಯನ್ನು ಹೊಡೆದುಹಾಕಿದರಾಯಿತು ಎನ್ನುವವರು ಪ್ರತಿ ಗ್ರಾಮಸಭೆಯಲ್ಲಿಯೂ ಇದ್ದಾರೆ. ಅವರ ಸಿಟ್ಟು ನಮಗೆ ತಿಳಿಯುತ್ತದೆ. ಮಗುವಿಗೆ ಕಡಿದಾಗ ಯಾರ ಕೈಯಾದರೂ ಬಡಿಗೆಗೆ ಹೋಗುತ್ತದೆ. ಆದರೆ ಊರಿನ ನಾಯಿಯನ್ನು ಕೊಂದರೆ ತೆರವಾದ ಜಾಗಕ್ಕೆ ಪಕ್ಕದ ಊರಿನ, ಸೂಜಿಯಿಲ್ಲದ ನಾಯಿ ಬರುತ್ತದೆ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಣಿ ಹರಿಯುತ್ತದೆಂದು ಬಲ್ಲವರು ಕಂಡುಕೊಂಡಿದ್ದಾರೆ. ನಾಯಿಗಳಿಗೆ ಊರೂರಲ್ಲಿ ಲಸಿಕೆ ಹಾಕಿದ ಗೋವೆಯನ್ನು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು. ಗೋವೆಗೆ ಆದದ್ದು ನಮಗೆ ಯಾಕೆ ಆಗಬಾರದು? 2023ರ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಮಾಡಿಸುವ ಹೊಣೆ ಊರಾಡಳಿತದ್ದು. 2030ರೊಳಗೆ ನಾಯಿಯಿಂದ ಬರುವ ಈ ರೋಗವನ್ನು ಇಲ್ಲವಾಗಿಸುವ ಯೋಜನೆಯನ್ನು ಕೇಂದ್ರ ಸರಕಾರ 2021ರಲ್ಲಿಯೇ ಸಾರಿದೆ. ಸಾರಿದ್ದು ಊರಿನವರೆಗೆ ಬರಬೇಕಾದರೆ ಸರಪಂಚರನ್ನು ನಾವೇ ಕೇಳಬೇಕು. ಸಪ್ಟಂಬರ 28, ಪಾಶ್ಚರರು ತೀರಿದ ದಿನ, ವಿಶ್ವ ರೇಬೀಸ್ ದಿನವಾಗಿದೆ. ಆ ದಿನ ಪ್ರತಿ ಪಂಚಾಯತಿಯೂ ನಾಯಿಗಳಿಗೆ ಸೂಜಿ ಹಾಕಿಸಲಿ. ಕುರಿಗಾರರ ನಾಯಿಗಳಿಗೆ ಮೊದಲ ಸರದಿ ಇರಲಿ. ಅವು ತೋಳದೊಡನೆ ಕಾದುತ್ತವೆ, ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ಎರಡು ರಾಜ್ಯ ಸುತ್ತುತ್ತವೆ. ಗಡಿಯ ಕಲ್ಲು ನಾಯಿಗೂ ಗೊತ್ತಿಲ್ಲ, ರೋಗಕ್ಕೂ ಗೊತ್ತಿಲ್ಲ. ಸತ್ತ ದನವನ್ನು, ಕೋಳಿಯ ಕಸವನ್ನು ಊರ ಹೊರಗೆ ಚೆಲ್ಲಿ ನಾಯಿಯ ಹಿಂಡನ್ನು ಸಾಕುತ್ತಿರುವವರು ನಾವೇ ಎಂಬುದನ್ನೂ ಮರೆಯಬಾರದು.

ಎರಡನೆಯದಾಗಿ, ಸೀರಮ್ಮು, ಹಾವಿನ ವಿಷಮದ್ದು ಎಷ್ಟು ಸಂಗ್ರಹವಿದೆಯೆಂಬುದನ್ನು ಪ್ರತಿ ಆರೋಗ್ಯ ಕೇಂದ್ರದ ಹಲಗೆಯ ಮೇಲೆ ಬರೆದಿಡಬೇಕು. ಇಲ್ಲದಿದ್ದರೆ ಎಲ್ಲಿದೆಯೆಂದು ಬರೆಯಬೇಕು. ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿ ಹೋಗುವ ಹೊತ್ತನ್ನು ಯಾರೂ ತಿರುಗಿ ಕೊಡಲಾರರು.

ಮೂರನೆಯದು ಭಾಷೆಯ ಮಾತು. ಸೂಜಿಯ ಚೀಟಿ ಮರಾಠಿಯಲ್ಲಿದ್ದರೆ ನಮ್ಮ ಅಜ್ಜಿ ಅದನ್ನು ದೇವರ ಜಗಲಿಯ ಮೇಲಿಟ್ಟು ಸುಮ್ಮನಾಗುತ್ತಾಳೆ. 7ನೆಯ ದಿನ, 28ನೆಯ ದಿನ ಕಳೆದುಹೋಗುತ್ತವೆ. ಕಬ್ಬು ಕಡಿಯಲು ಹೋದವರ ಸೂಜಿಗಳು ದಾರಿಯಲ್ಲಿ ತಪ್ಪುವುದೂ ಹೀಗೆಯೇ. ಗಡಿಯ ಊರುಗಳ ಚೀಟಿ, ಹಲಗೆಗಳು ಎರಡೂ ಭಾಷೆಯಲ್ಲಿರಲಿ. ಇದು ಗಡಿಯ ಜಗಳವಲ್ಲ, ಜೀವದ ಪ್ರಶ್ನೆ. ಅಲ್ಲಿಯವರೆಗೆ ಕನ್ನಡ ಶಾಲೆಯ ಮಾಸ್ತರರು ಇಷ್ಟು ಉಪಕಾರ ಮಾಡಬಹುದು: ಚೀಟಿಯ ತಾರೀಖುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಮಗುವಿನ ಕೈಯಲ್ಲಿ ಮನೆಗೆ ಕಳಿಸಬಹುದು. ಆರಂಭಿಸಿದ ಸೂಜಿಗಳನ್ನು ಬೇರೆ ಊರಿನ, ಬೇರೆ ರಾಜ್ಯದ ಸರಕಾರಿ ದವಾಖಾನೆಯಲ್ಲಿಯೂ ಚೀಟಿ ತೋರಿಸಿ ಮುಂದುವರಿಸಬಹುದು. ಚೀಟಿಯನ್ನು ಜೋಪಾನವಾಗಿಡಿರಿ.

ನಮ್ಮ ವಸ್ತಿಯಲ್ಲಿ ಆ ಮಣಕ ಕಟ್ಟುತ್ತಿದ್ದ ಗೂಟ ಈಗಲೂ ಇದೆ. ಅದರ ಮೇಲಿನ ಗೋಡೆಯಲ್ಲಿ ಒಂದು ಗೂಡು ಮಾಡಿ ಒಂದು ಸಾಬೂನಿನ ಬಿಲ್ಲೆ, ಅಯೋಡಿನ್ ಶೀಸೆ, ಎರಡು ಪ್ಲಾಸ್ಟಿಕ್ ಚೀಲ ಇಟ್ಟಿದ್ದೇವೆ. ಎಲ್ಲ ಕೂಡಿ ನೂರಿನ್ನೂರು ರೂಪಾಯಿಯ ಒಡವೆ. ಓದುಗರೂ ತಮ್ಮ ಕೊಟ್ಟಿಗೆಯಲ್ಲಿ ಇಂಥ ಒಂದು ಗೂಡನ್ನು ಈ ವಾರವೇ ಮಾಡಲಿ, ಮಕ್ಕಳಿಗೆ ಅದನ್ನು ತೋರಿಸಿ ಇಡಲಿ.